ಅಮ್ಮನ ಅಡುಗೆಮನೆಗೆ ಆರು ಸಾವಿರ: ಕೋಲಾರ ಸೀಮೆಯ ನಾಲ್ಕು ಅಡುಗೆಮನೆಗಳ ಕಥೆ

ಇನ್‌ಸ್ಟಾಗ್ರಾಮ್ ತೆರೆದರೆ ಸಾಕು, ಮೂವತ್ತು ಸೆಕೆಂಡಿನಲ್ಲಿ ಹಳೇ ಅಡುಗೆಮನೆ ಹೊಸದಾಗಿಬಿಡುತ್ತದೆ. ಬಿಳಿ ಕ್ಯಾಬಿನೆಟ್ಟು, ಬಂಗಾರದ ಬಣ್ಣದ ಹಿಡಿಕೆ, ಕಿಟಕಿ ಪಕ್ಕ ಒಂದು ಮನಿ ಪ್ಲಾಂಟು. ನೋಡೋಕೆ ಚೆನ್ನ. ಆದರೆ ಆ ವಿಡಿಯೊಗಳಲ್ಲಿ ಯಾರೂ ಮುದ್ದೆ ಮಾಡಲ್ಲ. ಒಗ್ಗರಣೆ ಸಿಡಿಯಲ್ಲ, ಬೋರ್‌ವೆಲ್ ನೀರಿನ ಬಿಳಿ ಕಲೆ ಇರಲ್ಲ, ಹೆಂಚಿನ ಸಂದಿಯಿಂದ ಮಸಿ ಉದುರಲ್ಲ.

ನಮ್ಮದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಮಾವಿನ ತೋಪಿನ ಸೀಮೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ, ವಾರದ ಕೊನೆಗೆ ಊರಿಗೆ ಓಡ್ತೀನಿ. ಕಳೆದ ಒಂದೂವರೆ ವರ್ಷದಲ್ಲಿ ಶ್ರೀನಿವಾಸಪುರ, ಮಾಲೂರು, ಮುಳಬಾಗಿಲು, ಕೋಲಾರ ಹೀಗೆ ನಾಲ್ಕು ಕಡೆ ನಮ್ಮವರ ಅಡುಗೆಮನೆಗಳಿಗೆ ಕೈ ಹಾಕಿದೆ. ಯಾವುದಕ್ಕೂ ಹತ್ತು ಸಾವಿರ ದಾಟಿಲ್ಲ. ನಾಲ್ಕೂ ಕಡೆ ಕೆಲಸ ಶುರುವಾದದ್ದು ಒಂದೇ ಪ್ರಶ್ನೆಯಿಂದ: ಇಲ್ಲಿ ಅಡುಗೆ ಮಾಡೋರಿಗೆ ಏನು ಕಷ್ಟ ಆಗ್ತಿದೆ?

ಶ್ರೀನಿವಾಸಪುರ: ಮುದ್ದೆಗೊಂದು ಕಟ್ಟೆ

ನಮ್ಮನೆ ಅಡುಗೆಮನೆ ಹೆಂಚಿನದು. ಗಾರೆ ಗೋಡೆ, ಕೆಂಪು ನೆಲ, ಒಂದೇ ಕಿಟಕಿ. ತುಂಬಾ ವರ್ಷ ಸೌದೆ ಒಲೆ ಉರಿದ ಜಾಗ, ಹಾಗಾಗಿ ಗೋಡೆಯ ಮೇಲ್ಭಾಗವೆಲ್ಲ ಕಪ್ಪು. ಅಣ್ಣ ಮಾಡ್ಯುಲರ್ ಕಿಚನ್ ಮಾಡಿಸೋಣ ಅಂತ ಕೊಟೇಶನ್ ತಂದ. 2 ಲಕ್ಷ 40 ಸಾವಿರ. ಅದರಲ್ಲಿ ಕ್ಯಾಬಿನೆಟ್ಟಿನ ಬಣ್ಣಕ್ಕೆ ಹನ್ನೆರಡು ಆಯ್ಕೆ ಇತ್ತು. ಮುದ್ದೆ ಎಲ್ಲಿ ಮಾಡ್ತೀರಿ ಅನ್ನೋ ಪ್ರಶ್ನೆ ಎಲ್ಲೂ ಇರಲಿಲ್ಲ.

ಆ ಹೊತ್ತಿಗೆ ಅಮ್ಮ ಮುದ್ದೆ ಮಾಡೋದನ್ನೇ ಕಡಿಮೆ ಮಾಡಿದ್ದಳು. ವಾರದಲ್ಲಿ ಒಂದೋ ಎರಡೋ ದಿನ, ಉಳಿದಂತೆ ಬರೀ ಅನ್ನ. ಅಪ್ಪನಿಗೆ ಮುದ್ದೆ ಇಲ್ಲದಿದ್ದರೆ ಊಟ ಆಗಲ್ಲ, ಆದರೂ ಬಾಯಿಬಿಟ್ಟು ಕೇಳ್ತಿರಲಿಲ್ಲ. ಅಮ್ಮನನ್ನ ಕೇಳಿದರೆ "ಯಾಕೋ ಬೇಜಾರಾಗ್ತದೆ ಕಣೋ" ಅಂತ ಮಾತು ಮುಗಿಸ್ತಿದ್ದಳು.

ಒಂದು ಶನಿವಾರ ಬೆಳಗ್ಗೆ ಅಡುಗೆಮನೆ ಬಾಗಿಲಲ್ಲಿ ಕೂತು, ಅವಳು ಎಲ್ಲೆಲ್ಲಿ ಓಡಾಡ್ತಾಳೆ ಅಂತ ಫೋನಿನಲ್ಲಿ ಗುರುತು ಹಾಕಿಕೊಂಡೆ. ನಮ್ಮ ಕೆಲಸದಲ್ಲಿ ಆ್ಯಪ್ ಬಳಸೋರನ್ನ ಹೀಗೇ ಗಮನಿಸ್ತೀವಿ. ಒಂದೂವರೆ ಗಂಟೆಯಲ್ಲಿ ಹನ್ನೊಂದು ಸಲ ಅಡುಗೆಮನೆಯಿಂದ ಹೊರಗೆ ಬಂದಳು. ಅದರಲ್ಲಿ ಐದು ಸಲ ಬಂದದ್ದು ಬೆಳಕಿಗೆ. ಅಕ್ಕಿ ಆರಿಸೋಕೆ, ಸೊಪ್ಪು ಬಿಡಿಸೋಕೆ, ಬೇಳೆಯಲ್ಲಿ ಹುಳ ಇದೆಯಾ ನೋಡೋಕೆ ಹಿತ್ತಲ ಬಾಗಿಲಿಗೆ ಬರ್ತಿದ್ದಳು. ಒಂದು ಕಣ್ಣಿಗೆ ಪೊರೆ ಬಂದಿದೆ, ಒಳಗೆ ಕಾಣಲ್ಲ. ಕೊನೆಗೆ ಮುದ್ದೆ. ಗ್ಯಾಸ್ ಒಲೆ ಮೇಲೆ ಹಿಟ್ಟು ಬೇಯಿಸಿ, ಪಾತ್ರೆಯನ್ನ ನೆಲಕ್ಕಿಳಿಸಿ, ಕುಕ್ಕರುಗಾಲಲ್ಲಿ ಕೂತು ಕೋಲಿನಿಂದ ತೊಳಸಬೇಕು. ಅಲ್ಲಿಂದ ಏಳೋವಾಗ ಗೋಡೆ ಹಿಡಿದು ಎದ್ದಳು. ಬೇಜಾರು ಅಂತಿದ್ದದ್ದು ಮಂಡಿ ನೋವನ್ನ.

ಮುದ್ದೆ ತೊಳಸೋಕೆ ಮೇಲಿನಿಂದ ಮೈ ಭಾರ ಬಿಡಬೇಕು. ಕಟ್ಟೆಯ ಎತ್ತರ 32 ಇಂಚು, ಅದರ ಮೇಲೆ ಒಲೆ, ಅದರ ಮೇಲೆ ಪಾತ್ರೆ ಅಂದರೆ ಕೈ ಎದೆಮಟ್ಟಕ್ಕೆ ಬರುತ್ತದೆ, ಬಲವೇ ಸಿಗಲ್ಲ. ಅದಕ್ಕೇ ನಮ್ಮ ಕಡೆ ಎಲ್ಲರೂ ಪಾತ್ರೆ ಕೆಳಗಿಳಿಸೋದು. ಹಾಗಾದರೆ ನೆಲಕ್ಕೂ ಕಟ್ಟೆಗೂ ನಡುವಿನ ಎತ್ತರದಲ್ಲಿ ಇನ್ನೊಂದು ಪುಟ್ಟ ಕಟ್ಟೆ ಇದ್ದರೆ?

ಮಾಲೂರು ಇಟ್ಟಿಗೆ 50 ತರಿಸಿದೆ. ಸಿಮೆಂಟ್ ಹಾಕದೆ ಬರೀ ಜೋಡಿಸಿ, ಒಂದೊಂದು ವರಸೆಗೆ ಎಂಟು ಇಟ್ಟಿಗೆಯಂತೆ ಮೊದಲು ನಾಲ್ಕು ವರಸೆ, ಆಮೇಲೆ ಐದು, ಆಮೇಲೆ ಆರು ಇಟ್ಟು ನೋಡಿದೆವು. ಅಮ್ಮ ಖಾಲಿ ಪಾತ್ರೆ ಇಟ್ಟು ಕೋಲು ತಿರುಗಿಸಿ ನೋಡಿ, "ಐದು ಸರಿಹೋಯ್ತು, ಆರಾದ್ರೆ ಭುಜ ಎಳೀತದೆ" ಅಂದಳು. ಮೇಸ್ತ್ರಿ ಅದನ್ನೇ ಗಾರೆ ಹಾಕಿ ಕಟ್ಟಿ, ಮೇಲೊಂದು ಗ್ರಾನೈಟ್ ತುಂಡು ಕೂರಿಸಿದರು. ಒಟ್ಟು ಎತ್ತರ ಸುಮಾರು 18 ಇಂಚು. ಅದರ ಮೇಲೆ ಬಟ್ಟೆಯ ಸಿಂಬೆ, ಸಿಂಬೆ ಮೇಲೆ ಪಾತ್ರೆ. ಈಗ ಅವಳು ನಿಂತೇ ಮುದ್ದೆ ತೊಳಸ್ತಾಳೆ.

ಈ ಪುಟ್ಟ ಕಟ್ಟೆ ಮೇಲೆ ಗ್ಯಾಸ್ ಒಲೆ ಇಡಬಾರದು. ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲೇ ಇರಬೇಕು. ಇದು ಪಾತ್ರೆ ಇಳಿಸೋಕೆ ಮಾತ್ರ.

ಬೆಳಕಿಗೆ ಎರಡು ಉಪಾಯ ಮಾಡಿದೆವು. ಹೆಂಚಿನ ಸೂರಿನಲ್ಲಿ ಎರಡು ಮಣ್ಣಿನ ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿದೆವು. ತಗೊಳ್ಳೋಕೆ ಹೋಗೋವಾಗ ನಿಮ್ಮನೆಯ ಒಂದು ಹೆಂಚನ್ನೂ ಜೊತೆಗೆ ಒಯ್ಯಿರಿ, ಅಚ್ಚು ಹೊಂದದಿದ್ದರೆ ಮಳೆ ನೀರು ಒಳಗೆ ಬರುತ್ತದೆ. ರಾತ್ರಿಗೆ ಎರಡು ಎಲ್‌ಇಡಿ ಪಟ್ಟಿ ದೀಪ. ಹಳೇ ಟ್ಯೂಬ್‌ಲೈಟ್ ಅಮ್ಮನ ಬೆನ್ನ ಹಿಂದಿನ ಗೋಡೆಯಲ್ಲಿತ್ತು, ತರಕಾರಿ ಹೆಚ್ಚೋವಾಗ ಅವಳ ನೆರಳೇ ಕೈ ಮೇಲೆ ಬೀಳ್ತಿತ್ತು. ಹೊಸ ದೀಪ ಕಟ್ಟೆಯ ಎದುರಿನ ಗೋಡೆಗೆ, ಕಣ್ಣಿಗೆ ರಾಚದಂತೆ ಶೆಲ್ಫಿನ ಕೆಳಗೆ. ಬಣ್ಣ ನ್ಯೂಟ್ರಲ್ ವೈಟ್, ಅಂದರೆ 4000 ಕೆಲ್ವಿನ್. ಹಳದಿ ಬೆಳಕಿನಲ್ಲಿ ಬೇಳೆ, ಕಲ್ಲು ಎರಡೂ ಒಂದೇ ಥರ ಕಾಣ್ತವೆ.

ಆಮೇಲೆ ಮಸಿ. ಒಣ ಪೊರಕೆಯಲ್ಲಿ ಮೊದಲು ಉದುರಿಸಿ, ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಉಜ್ಜಿದೆವು. ಎಣ್ಣೆ ಜಿಡ್ಡು ಕರಗುತ್ತದೆ. ಕೈಗವಸು ಬೇಕೇ ಬೇಕು, ಅಲ್ಯೂಮಿನಿಯಂ ಪಾತ್ರೆ, ಕಿಟಕಿಗೆ ಈ ನೀರು ತಾಗಿಸಬೇಡಿ, ಕಪ್ಪಾಗುತ್ತದೆ. ಎರಡು ದಿನ ಒಣಗಲು ಬಿಟ್ಟು ಮೂರು ಸಲ ತೆಳುವಾಗಿ ಸುಣ್ಣ ಹೊಡೆದೆವು. ಹಳೇ ಗಾರೆ ಅಥವಾ ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟ್‌ಗಿಂತ ಸುಣ್ಣವೇ ವಾಸಿ. ಗೋಡೆಯೊಳಗಿನ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತದೆ, ಪ್ಲಾಸ್ಟಿಕ್ ಪೇಂಟ್ ಆದರೆ ತೇವ ಒಳಗೇ ನಿಂತು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಸುಣ್ಣಕ್ಕೆ ಸ್ವಲ್ಪ ಗೋಂದು ಸೇರಿಸಿದರೆ ಬಟ್ಟೆಗೆ ಅಂಟೋದು ಕಡಿಮೆ. ಕಣ್ಣಿಗೆ ಬಿದ್ದರೆ ಅಪಾಯ, ಕನ್ನಡಕ ಹಾಕಿಕೊಳ್ಳಿ.

ಲೆಕ್ಕ ಇಲ್ಲಿದೆ: ಸೋಡಾ, ಬ್ರಷ್, ಕೈಗವಸು 350. ಸುಣ್ಣ 600. ಗಾಜಿನ ಹೆಂಚು 600. ದೀಪ 700, ಎಲೆಕ್ಟ್ರಿಷಿಯನ್‌ಗೆ 500. ಇಟ್ಟಿಗೆ 500. ಸಿಮೆಂಟ್, ಮರಳು 570. ಗ್ರಾನೈಟ್ ಅಂಗಡಿಯಲ್ಲಿ ಉಳಿದಿದ್ದ ತುಂಡು 900. ಮೇಸ್ತ್ರಿ ಕೂಲಿ 1,000. ಸಾಗಿಸೋಕೆ 300. ಒಟ್ಟು 6,020 ರೂಪಾಯಿ. ಅಣ್ಣ ಕೊಟೇಶನ್ನನ್ನು ಮಡಚಿ ಬೀರುವಿನಲ್ಲಿಟ್ಟ. ಅಪ್ಪ ಏನೂ ಹೇಳಲಿಲ್ಲ, ಎರಡನೇ ಮುದ್ದೆ ಹಾಕಿಸಿಕೊಂಡರು.

ಹೆಜ್ಜೆ ಎಣಿಸೋದು ಹೊಸದಲ್ಲ

ಅಡುಗೆಮನೆಯಲ್ಲಿ ಹೆಜ್ಜೆ ಎಣಿಸೋದಕ್ಕೆ ನೂರು ವರ್ಷದ ಇತಿಹಾಸ ಇದೆ. 1926ರಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಕಾರ್ಮಿಕರ ಮನೆಗಳಿಗೆ ಒಂದು ಅಡುಗೆಮನೆ ರೂಪಿಸಿದರು. ಸುಮಾರು 6 ಅಡಿ ಅಗಲ, 11 ಅಡಿ ಉದ್ದ. ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಅಂತ ಅಳೆದು ಮಾಡಿದ್ದು. ಸುಮಾರು 10,000 ಮನೆಗಳಲ್ಲಿ ಅದನ್ನ ಕೂರಿಸಿದರು. ಇವತ್ತಿನ ಮಾಡ್ಯುಲರ್ ಕಿಚನ್ನಿನ ಅಜ್ಜಿ ಅಂದರೆ ಅದೇ. ಒಬ್ಬರು ಮಾತ್ರ ನಿಂತು ಕೆಲಸ ಮಾಡಬಲ್ಲ ಜಾಗ ಅನ್ನೋ ಟೀಕೆಯೂ ಅದಕ್ಕೆ ಬಂತು. ಒಬ್ಬರು ಹೆಚ್ಚಿ, ಇನ್ನೊಬ್ಬರು ರುಬ್ಬಿ, ಮೂರನೆಯವರು ಬಾಗಿಲಲ್ಲಿ ಕೂತು ಹರಟೆ ಹೊಡೆಯೋ ನಮ್ಮ ಅಡುಗೆಮನೆಗೆ ಅದು ಸರಿಹೋಗಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಕರ್ನಾಟಕದಲ್ಲೂ ಅಂಥದ್ದೊಂದು ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಆಸ್ಟ್ರ' ಕೇಂದ್ರದವರು ಮೂರು ಪಾತ್ರೆ ಕೂರುವ, ಹೊಗೆ ಕೊಳವೆ ಇರುವ ಸೌದೆ ಒಲೆ ರೂಪಿಸಿದರು. ಹಳ್ಳಿಗಳಲ್ಲಿ ಅದು 'ಆಸ್ಟ್ರ ಒಲೆ' ಅಂತಲೇ ಹೆಸರಾಯಿತು. ಹೊಗೆ ಸಣ್ಣ ವಿಷಯ ಅಲ್ಲ. ಅಡುಗೆ ಉರುವಲಿನಿಂದ ಮನೆಯೊಳಗೆ ತುಂಬುವ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಿಮ್ಮ ಊರಿನ ಮನೆಯಲ್ಲಿ ಇನ್ನೂ ಸೌದೆ ಒಲೆ ಉರೀತಿದ್ದರೆ, ಬಣ್ಣಕ್ಕಿಂತ ಮೊದಲು ಹೊಗೆಗೆ ದಾರಿ ಮಾಡಿಕೊಡಿ.

ಮಾಲೂರು: ಕಡಪ ಕಲ್ಲು, ಗಡಸು ನೀರು

ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಬರೋ ಗೆಳೆಯನ ಮನೆ ತೊಂಬತ್ತರ ದಶಕದ್ದು. ಆರ್‌ಸಿಸಿ ಸೂರು, ಕಡಪ ಕಲ್ಲಿನ ಕಟ್ಟೆ, ಕಡಪ ಕಲ್ಲಿನದೇ ಶೆಲ್ಫುಗಳು. ಆ ಕಾಲದ ಮನೆಗಳಲ್ಲಿ ಬೆಳೆದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಸಿಂಕಿನ ಸುತ್ತ ಬಿಳಿ ಪೊರೆ ಕಟ್ಟಿತ್ತು. ಅವನು ಆ್ಯಸಿಡ್ ಬಾಟಲಿ ತಂದಿಟ್ಟುಕೊಂಡಿದ್ದ.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ. ಗಡಸು ನೀರಿನ ಬಿಳಿ ಕಲೆ ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ, ಅದರಲ್ಲೂ ಇರೋದು ಅದೇ. ಹಾಗಾಗಿ ಕಲೆ ಕರಗಿಸೋ ಆ್ಯಸಿಡ್ ಕಲ್ಲನ್ನೂ ಕರಗಿಸುತ್ತದೆ, ಕಪ್ಪು ಕಲ್ಲು ಬೂದು ಬಣ್ಣಕ್ಕೆ ತಿರುಗುತ್ತದೆ. ನಿಮ್ಮನೇದು ಕಡಪವೋ ಗ್ರಾನೈಟೋ ಗೊತ್ತಿಲ್ಲದಿದ್ದರೆ, ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ನೋಡಿ. ಸಣ್ಣಗೆ ನೊರೆ ಬಂದರೆ ಅಥವಾ ಹೊಳಪು ಹೋದರೆ ಆ್ಯಸಿಡ್, ವಿನೆಗರ್, ನಿಂಬೆ ಯಾವುದೂ ಬೇಡ.

ಸ್ಟೀಲ್ ನಲ್ಲಿಗೆ ನಿಂಬೆರಸದಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ತೊಳೆದೆವು, ಹೊಸದರ ಹಾಗಾಯಿತು. ಕೆಳಗೆ ಕಲ್ಲಿಗೆ ತೊಟ್ಟಿಕ್ಕದಂತೆ ಒಂದು ತಟ್ಟೆ ಇಟ್ಟಿದ್ದೆವು. ಕಡಪ ಕಲ್ಲಿನ ಮೇಲಿನ ಪೊರೆಯನ್ನ ಪ್ಲಾಸ್ಟಿಕ್ ಪಟ್ಟಿಯಿಂದ ತಾಳ್ಮೆಯಿಂದ ಕೆರೆದು, ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಬಟ್ಟೆಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದೆವು. ಕಪ್ಪು ಮತ್ತೆ ಎದ್ದು ಬಂತು. ಈಗ ತಿಂಗಳಿಗೊಮ್ಮೆ ಹೀಗೆ ಒರೆಸ್ತಾರೆ.

ಟೈಲ್ಸ್ ಚೆನ್ನಾಗೇ ಇದ್ದವು, ಕೊಳೆಯಾಗಿದ್ದದ್ದು ಅವುಗಳ ನಡುವಿನ ಗೆರೆ. ಹಳೆಯದನ್ನ ಕೆರೆದು ತೆಗೆದು ಹೊಸ ಗ್ರೌಟ್ ತುಂಬಿದರೆ ಇಡೀ ಗೋಡೆ ಬದಲಾದಂತೆ ಕಾಣುತ್ತದೆ. ಒಲೆ ಹಿಂದಿನ ಭಾಗಕ್ಕೆ ಎಪಾಕ್ಸಿ ಗ್ರೌಟ್ ತಗೊಳ್ಳಿ. ದುಬಾರಿ, ಆದರೆ ಅರಿಶಿನ ಹೀರಲ್ಲ.

ಕಬೋರ್ಡ್ ಬಾಗಿಲುಗಳಲ್ಲಿ ಸಿಂಕಿನ ಕೆಳಗಿನದು ಮಾತ್ರ ನೀರು ಕುಡಿದು ಉಬ್ಬಿತ್ತು, ಅದೊಂದನ್ನೇ ಬದಲಾಯಿಸಿದೆವು. ಉಳಿದವನ್ನ ಬಿಚ್ಚಿ, ಯಾವುದು ಎಲ್ಲಿಯದು ಅಂತ ನಂಬರ್ ಬರೆದು, ಜಿಡ್ಡು ತೊಳೆದು, 180 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಒಂದು ಕೋಟ್ ಪ್ರೈಮರ್, ಎರಡು ಕೋಟ್ ಎನಾಮಲ್ ಹೊಡೆದೆವು. ಪ್ರತಿ ಕೋಟಿಗೂ ಒಂದು ರಾತ್ರಿ ಒಣಗಲು ಬಿಡಬೇಕು. ಜಿಡ್ಡು ತೊಳೆಯದೆ ಹೊಡೆದ ಬಣ್ಣ ನಾಲ್ಕೇ ತಿಂಗಳಲ್ಲಿ ಕಿತ್ತು ಬರುತ್ತದೆ.

ಹಳೇ ವೆಂಟಿಲೇಟರಿನ ಒಂದು ಗಾಜು ತೆಗೆದು ಅಲ್ಲೇ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದರಿಂದ ಗೋಡೆ ಒಡೆಯೋ ಖರ್ಚು ಉಳಿಯಿತು. ಫ್ಯಾನ್ ಹಾಕಿದಾಗ ಬಾಗಿಲೋ ಕಿಟಕಿಯೋ ಒಂದು ತೆರೆದಿರಲಿ. ಒಳಗೆ ಗಾಳಿ ಬರದಿದ್ದರೆ ಹೊರಗೆ ಹೋಗೋದಾದರೂ ಹೇಗೆ? ಎಲ್ಲ ಸೇರಿ ಒಂಬತ್ತು ಸಾವಿರ ದಾಟಲಿಲ್ಲ.

ಮುಳಬಾಗಿಲು: ದೋಸೆ ಎಣ್ಣೆಯ ಗೋಡೆ

ಮುಳಬಾಗಿಲು ದೋಸೆ ನಿಮಗೆ ಗೊತ್ತೇ ಇರುತ್ತೆ. ಚಿಕ್ಕದು, ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಅದಕ್ಕೆ ಎಣ್ಣೆ, ತುಪ್ಪ ಧಾರಾಳವಾಗಿ ಬೇಕು. ನಮ್ಮ ಸೋದರತ್ತೆ ಮನೆಯಲ್ಲಿ ಒಲೆ ಹಿಂದಿನ ಗೋಡೆ ಆ ದೋಸೆಗಳ ಲೆಕ್ಕವನ್ನೆಲ್ಲ ಬರೆದಿಟ್ಟುಕೊಂಡಿತ್ತು.

ಅವರದು ಕಲ್ಲು ಚಪ್ಪಡಿಯ ಸೂರಿನ ಮನೆ. ನಮ್ಮ ಜಿಲ್ಲೆಯ ಹಳೇ ಊರುಗಳಲ್ಲಿ ಇವು ಇನ್ನೂ ಇವೆ, ಬೇಸಿಗೆಯಲ್ಲಿ ಹಗಲು ಬಹಳ ಹೊತ್ತು ತಂಪು. ಚಪ್ಪಡಿಗೆ ಮಾತ್ರ ಡ್ರಿಲ್ ಹಾಕಬೇಡಿ. ಬಿರುಕು ಬಿಟ್ಟರೆ ರಿಪೇರಿ ದೊಡ್ಡದು. ತೂಗುಹಾಕೋ ಸ್ಟ್ಯಾಂಡಿನ ಬದಲು ನೆಲದ ಮೇಲೆ ನಿಲ್ಲೋ ಸ್ಟೀಲ್ ರ‍್ಯಾಕ್ ತಂದೆವು.

ಒಲೆ ಹಿಂದೆ 4 ಅಡಿ ಅಗಲ, 2 ಅಡಿ ಎತ್ತರಕ್ಕೆ ಮಾತ್ರ ಟೈಲ್ಸ್. ಅಂದರೆ ಬರೀ 8 ಚದರ ಅಡಿ. ಟೈಲ್ಸ್ ಅಂಗಡಿಯಲ್ಲಿ ಹೀಗೆ ಉಳಿದ ಒಂದೆರಡು ಬಾಕ್ಸ್ ಕಡಿಮೆ ಬೆಲೆಗೆ ಸಿಗುತ್ತವೆ, ಕೇಳಿ ನೋಡಿ. ಹಳೇ ಪೇಂಟ್ ಕೆರೆದು ಗೋಡೆ ಒರಟು ಮಾಡಿದ ಮೇಲೆಯೇ ಅಂಟಿಸಬೇಕು. ಆನ್‌ಲೈನಿನಲ್ಲಿ ಸಿಗೋ ಟೈಲ್ಸ್ ಥರದ ಪ್ಲಾಸ್ಟಿಕ್ ಸ್ಟಿಕ್ಕರು ಒಲೆ ಹಿಂದೆ ಬೇಡ, ಬೆಂಕಿ ಹತ್ತಿರ ಕರಗುತ್ತದೆ. ಫ್ರಿಜ್ ಪಕ್ಕದ ಗೋಡೆಗೆ ಬೇಕಾದರೆ ಹಾಕಿ.

ಹಳೇ ಹಾರ್ಲಿಕ್ಸ್ ಬಾಟಲಿಗಳನ್ನ ಎಸೆಯೋಣ ಅಂದಿದ್ದಕ್ಕೆ ಅತ್ತೆ, "ಅವನ್ನ ಎಸೆದ್ರೆ ನನ್ನನ್ನೂ ಎಸೀರಿ" ಅಂದರು. ಬಾಟಲಿ ಉಳಿದವು, ಜಾಗ ಬದಲಾಯಿತು. ದಿನಾ ಬೇಕಾಗೋ ಸಾಮಾನು ಸೊಂಟದಿಂದ ಭುಜದ ಎತ್ತರದೊಳಗೆ. ವಾರಕ್ಕೊಮ್ಮೆಯದು ಅದರ ಕೆಳಗೆ. ಹಬ್ಬಕ್ಕೆ ಮಾತ್ರ ಇಳಿಸೋ ಹಿತ್ತಾಳೆ ಪಾತ್ರೆ ಅಟ್ಟಕ್ಕೆ. ಇದಕ್ಕೆ ಖರ್ಚು ಸೊನ್ನೆ, ಹಿಡಿದದ್ದು ಒಂದು ಮಧ್ಯಾಹ್ನ. ಹೊಸ ಟೈಲ್ಸ್‌ಗಿಂತ ಇದೇ ಹೆಚ್ಚು ಉಪಯೋಗ ಆಯ್ತು ಅಂತ ಅತ್ತೆ ಈಗಲೂ ಹೇಳ್ತಾರೆ.

ಕೋಲಾರ: ಮೊಳೆ ಹೊಡೆಯೋ ಹಾಗಿಲ್ಲ

ತಂಗಿ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡ್ತಾಳೆ, ಕೋಲಾರ ಪೇಟೆಯಲ್ಲಿ ಬಾಡಿಗೆ ಮನೆ. ಒಂದು ಮೊಳೆಯನ್ನೂ ಹೊಡೆಯೋ ಹಾಗಿಲ್ಲ ಅಂತ ಓನರ್ ಆಂಟಿಯ ಕಟ್ಟಪ್ಪಣೆ. ಹಾಗಾಗಿ ಇಲ್ಲಿ ನಿಯಮ ಒಂದೇ: ಹಾಕಿದ್ದೆಲ್ಲ ಮನೆ ಬಿಡೋವಾಗ ಜೊತೆಗೆ ಬರಬೇಕು.

ಕಟ್ಟೆ ಮೇಲೆ ಎರಡು ಅಂತಸ್ತಿನ ಸ್ಟೀಲ್ ಸ್ಟ್ಯಾಂಡು. ಸೌಟು, ಜರಡಿ ತೂಗುಹಾಕೋಕೆ ಟೈಲ್ಸ್ ಮೇಲೆ ಅಂಟುವ ಕೊಕ್ಕೆ. ಪ್ಲಗ್ಗಿಗೆ ಸಿಕ್ಕಿಸೋ ಎಲ್‌ಇಡಿ ದೀಪ. ಕಟ್ಟೆ ಕೆಳಗಿನ ತೆರೆದ ಗೂಡುಗಳಿಗೆ ಸ್ಪ್ರಿಂಗ್ ಇರೋ ರಾಡು, ಅದಕ್ಕೆ ಅಮ್ಮನ ಹಳೇ ಹತ್ತಿ ಸೀರೆಯ ಪರದೆ. ಒಟ್ಟು 2,300 ರೂಪಾಯಿ.

ಸಿಲಿಂಡರ್ ಇರೋ ಗೂಡಿಗೆ ಮಾತ್ರ ಪರದೆ ಹಾಕಲಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಸೇರಿಕೊಳ್ಳುತ್ತದೆ. ಆ ಜಾಗಕ್ಕೆ ನೆಲಮಟ್ಟದಲ್ಲಿ ಗಾಳಿ ಆಡಬೇಕು. ನೀವು ಮುಚ್ಚಿದ ಕಬೋರ್ಡ್ ಮಾಡಿಸೋದಾದರೆ ಬಾಗಿಲ ಕೆಳಭಾಗದಲ್ಲಿ ರಂಧ್ರ ಬಿಡಿಸಿ.

ಬಾಡಿಗೆಯವರಿಗೆ ಇನ್ನೊಂದು ಮಾತು. ಕೈ ಹಾಕೋ ಮೊದಲು ಗೋಡೆ, ಕಟ್ಟೆ, ಸಿಂಕಿನ ಫೋಟೊ ತೆಗೆದಿಡಿ. ಬಣ್ಣ ಹೊಡೆಯೋ ಯೋಚನೆ ಇದ್ದರೆ ವಾಟ್ಸ್‌ಆ್ಯಪಿನಲ್ಲಿ ಅನುಮತಿ ಕೇಳಿ. ಮನೆ ಬಿಡೋ ದಿನ ಅಡ್ವಾನ್ಸ್ ವಾಪಸ್ ಪಡೆಯೋಕೆ ಎರಡೂ ಬೇಕಾಗುತ್ತವೆ.

ನೀವೇ ಮಾಡಬಾರದ ಕೆಲಸಗಳು

ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್ನಿಗೇ ಬಿಡಿ. ಗ್ಯಾಸ್ ಪೈಪು ಐಎಸ್‌ಐ ಗುರುತಿನದೇ ಇರಲಿ, ಐದು ವರ್ಷಕ್ಕೊಮ್ಮೆ ಬದಲಾಗಲಿ. ಪೈಪಿನ ಮೇಲೇ ತಾರೀಖು ಇರುತ್ತದೆ, ಇವತ್ತೇ ನೋಡಿ. ಹೆಂಚಿನ ಮೇಲೆ ಹತ್ತೋಕೆ ಅಭ್ಯಾಸ ಇದ್ದವರೇ ಬೇಕು. ಗೋಡೆ ಒಡೆಯೋ ಮೊದಲು ಅದು ಭಾರ ಹೊತ್ತಿದೆಯಾ ಅಂತ ಮೇಸ್ತ್ರಿಯನ್ನ ಕೇಳಿ. ಬ್ಲೀಚಿಂಗ್ ಪುಡಿಯನ್ನೂ ಆ್ಯಸಿಡನ್ನೂ ಯಾವತ್ತೂ ಒಟ್ಟಿಗೆ ಬಳಸಬೇಡಿ, ವಿಷಗಾಳಿ ಏಳುತ್ತದೆ.

ಎರಡು ದಿನ ರಜೆ ಸಿಕ್ಕರೆ

ಶನಿವಾರ ಬೆಳಗ್ಗೆ ಏನೂ ಮಾಡಬೇಡಿ, ಅಡುಗೆ ಮುಗಿಯೋವರೆಗೂ ಸುಮ್ಮನೆ ನೋಡಿ. ಎಲ್ಲಿ ಬಗ್ಗುತ್ತಾರೆ, ಎಲ್ಲಿ ತಡಕಾಡುತ್ತಾರೆ, ಯಾವುದಕ್ಕೆ ಹೊರಗೆ ಹೋಗುತ್ತಾರೆ, ಬರೆದುಕೊಳ್ಳಿ. ಅವರನ್ನ ನೇರ ನಿಲ್ಲಿಸಿ ಮೊಣಕೈ ಎತ್ತರ ಅಳೆಯಿರಿ. ಹೆಚ್ಚೋ ಜಾಗ ಅದಕ್ಕಿಂತ 4ರಿಂದ 6 ಇಂಚು ಕೆಳಗಿದ್ದರೆ ಬೆನ್ನಿಗೆ ಹಿತ. ಕಟ್ಟೆ ತಗ್ಗಾಗಿದ್ದರೆ ಕಾಲಿರೋ ಮಣೆ ಮಾಡಿಸಿ, ಎತ್ತರವಾಗಿದ್ದರೆ ನಿಲ್ಲೋಕೆ ಅಲ್ಲಾಡದ ಅಗಲವಾದ ಹಲಗೆ ಹಾಕಿ.

ಮಧ್ಯಾಹ್ನ ಸಾಮಾನು ಇಳಿಸಿ, ಜಿಡ್ಡು ತೊಳೆಯಿರಿ. ಭಾನುವಾರ ದೀಪ ಹಾಕಿಸಿ, ಸಾಮಾನನ್ನ ಹೊಸ ಜಾಗಕ್ಕೆ ಜೋಡಿಸಿ. ಬಣ್ಣ, ಗ್ರೌಟ್, ಟೈಲ್ಸ್ ಮುಂದಿನ ರಜೆಗೆ ಇರಲಿ. ಅಷ್ಟರಲ್ಲಿ ದೀಪ ಮತ್ತು ಜೋಡಣೆಯಿಂದಲೇ ಅರ್ಧ ತೊಂದರೆ ಕಳೆದಿರುತ್ತದೆ, ಉಳಿದದ್ದಕ್ಕೆ ಎಷ್ಟು ದುಡ್ಡು ಹಾಕಬೇಕು ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಇನ್ನೊಂದು. "ಅಮ್ಮಾ, ಅಡುಗೆಮನೆಗೆ ಏನು ಬೇಕು?" ಅಂತ ಕೇಳಿದರೆ "ಏನೂ ಬೇಡ" ಅನ್ನೋ ಉತ್ತರವೇ ಬರೋದು. "ಯಾವ ಅಡುಗೆ ಮಾಡೋದನ್ನ ಬಿಟ್ಟಿದ್ದೀಯ?" ಅಂತ ಕೇಳಿ ನೋಡಿ. ನಮ್ಮನೇಲಿ ಅದು ಮುದ್ದೆ ಆಗಿತ್ತು. ನಿಮ್ಮನೇಲಿ ಒಬ್ಬಟ್ಟೋ, ಚಕ್ಕುಲಿಯೋ, ರುಬ್ಬಿದ ಚಟ್ನಿಯೋ ಇರಬಹುದು.